ಸಾರ್ವಜನಿಕರ ಕಣ್ಣಿಗೆ ಕಾಣುವಂತೆ

ಪೋಸ್ಟ್ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ದೌರ್ಜನ್ಯ ತಡೆ ಕಾಯ್ದೆ ನಮಗೆಲ್ಲ ಬಾಯಿಪಾಠ. 1989ರ ಕಾಯ್ದೆ, 1990ರ ಜನವರಿ 30ರಿಂದ ಜಾರಿ. ಸಾರ್ವಜನಿಕರ ಕಣ್ಣಿಗೆ ಕಾಣುವ ಜಾಗದಲ್ಲಿ, ಅವಮಾನ ಮಾಡಬೇಕು ಅನ್ನೋ ಉದ್ದೇಶದಿಂದಲೇ ನಮ್ಮವರನ್ನು ಬೈದರೆ, ಹೆದರಿಸಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಈ ವಾಕ್ಯ ಹಿಡಿದುಕೊಂಡು ಎಷ್ಟು ಸಲ ಠಾಣೆ ಮುಂದೆ ರಾತ್ರಿ ಕಳೆದಿಲ್ಲ ನಾವು!

ಈಗ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತೆಗೆದು 92ನೇ ಸೆಕ್ಷನ್ ಓದ್ರಿ. ಅದೇ ವಾಕ್ಯ. ಅದೇ ಉದ್ದೇಶ, ಅದೇ ಅವಮಾನ, ಅದೇ ಸಾರ್ವಜನಿಕರ ಕಣ್ಣು, ಅದೇ ಆರು ತಿಂಗಳಿಂದ ಐದು ವರ್ಷ. 'ಪರಿಶಿಷ್ಟ ಜಾತಿ, ಪಂಗಡದ ಸದಸ್ಯ' ಅಂತ ಇದ್ದ ಕಡೆ 'ಅಂಗವೈಕಲ್ಯ ಇರುವ ವ್ಯಕ್ತಿ' ಅಂತ ಬಂದಿದೆ, ಅಷ್ಟೇ. ನಮ್ಮ ಹೋರಾಟದಿಂದ ಹುಟ್ಟಿದ ವಾಕ್ಯವೊಂದು ಇಪ್ಪತ್ತೇಳು ವರ್ಷ ಬಿಟ್ಟು ಇನ್ನೊಂದು ಕಾಯ್ದೆಯೊಳಗೆ ಹೋಗಿ ಕೂತಿದೆ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಹೋದ ವಾರ ನಮ್ಮ ಗ್ರೂಪಿನಲ್ಲಿ ಅಂಗವಿಕಲರ ಯುಡಿಐಡಿ ಕಾರ್ಡಿನ ಬಗ್ಗೆ ನಾಲ್ಕು ಸಾಲು ಹಾಕಿದ್ದೆ. ಒಬ್ಬ ಸಂಗಾತಿ ಕೇಳಿದರು: "ಅಣ್ಣಾ, ದಲಿತ ಚಳವಳಿಗೂ ಅಂಗವಿಕಲರ ಕಾರ್ಡಿಗೂ ಏನ್ ಸಂಬಂಧ? ನಮಗ ನಮ್ದೇ ಹರಕೊಂಡು ಬಿದ್ದೈತಿ." ಪ್ರಶ್ನೆ ತಪ್ಪಲ್ಲ. ಉತ್ತರ ಎರಡು ಸಾಲಿನಲ್ಲಿ ಮುಗಿಯಲ್ಲ, ಇತಿಹಾಸ ಸ್ವಲ್ಪ ತಿರುವಿ ಹಾಕಬೇಕಾಗ್ತದೆ.

ಕಪ್ಪು ದಾರದಿಂದ ಶುರು ಮಾಡೋಣ. ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕೆ ಬರೆದು, ಅವರು ಸಭೆಯನ್ನೇ ರದ್ದು ಮಾಡಿದ್ದರಿಂದ ಓದಲಾಗದೆ ಉಳಿದ ಭಾಷಣ ಇದೆಯಲ್ಲ, 'ಜಾತಿ ವಿನಾಶ'. ಅದರಲ್ಲಿ ಪೇಶ್ವೆಗಳ ಆಡಳಿತದ ಬಗ್ಗೆ ಹೇಳ್ತಾರೆ. ಸೊಂಟಕ್ಕೆ ಪೊರಕೆ, ಕೊರಳಿಗೆ ಗಡಿಗೆ ಎಲ್ಲರಿಗೂ ನೆನಪಿದೆ. ನಮ್ಮ ಭಾಷಣಗಳಲ್ಲಿ ಅವೆರಡೇ ಬರೋದು. ಆದರೆ ಅದೇ ಪುಟದಲ್ಲಿ ಮೂರನೆಯದೊಂದಿದೆ: ಮುಂಗೈಗೋ ಕೊರಳಿಗೋ ಕಟ್ಟಿಕೊಳ್ಳಬೇಕಾಗಿದ್ದ ಕಪ್ಪು ದಾರ. ಪೊರಕೆಗೆ ಹೆಜ್ಜೆಗುರುತು ಗುಡಿಸುವ ಕೆಲಸವಿತ್ತು, ಗಡಿಗೆಗೆ ಉಗುಳಿನ ಕೆಲಸವಿತ್ತು. ದಾರಕ್ಕೆ ಇದ್ದ ಕೆಲಸ ಒಂದೇ, ತೋರಿಸೋದು. ಸವರ್ಣೀಯ ಅಪ್ಪಿತಪ್ಪಿ ಮುಟ್ಟಿ ಮೈಲಿಗೆ ಆಗಬಾರದು ಅಂತ ಗುರುತು.

ಇಲ್ಲಿ ಸ್ವಲ್ಪ ನಿಲ್ರಿ. ದಾರ ಯಾಕೆ ಬೇಕಾಯ್ತು? ಮೈ ನೋಡಿದರೆ ಗೊತ್ತಾಗ್ತಿರಲಿಲ್ಲ, ಅದಕ್ಕೆ. ಮನುಷ್ಯ ಮನುಷ್ಯನ ಹಾಗೆಯೇ ಕಾಣ್ತಿದ್ದ. ಆ ಗೊಂದಲ ಅವರಿಗೆ ಬೇಡವಾಗಿತ್ತು. ದಾರ ಕಟ್ಟಿಕೊಂಡವನಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ, ಪೂರ್ತಿ ಅನುಕೂಲ ಎದುರಿಗೆ ಬರುವವನದು. ಯಾವ ಗುರುತು ನೋಡಿದರೂ ನಾನು ಮೊದಲು ಕೇಳೋದು ಇದನ್ನೇ: ಇದು ಯಾರ ಅನುಕೂಲಕ್ಕೆ?

ನಮ್ಮ ಅರಕೇರಾ, ದೇವದುರ್ಗ, ಮಾನ್ವಿ ಕಡೆ ದಾರದ ಅಗತ್ಯ ಬೀಳಲಿಲ್ಲ. ಊರು ಸಣ್ಣದು. ಕೇರಿ ಯಾವ ದಿಕ್ಕಿಗೆ, ಯಾರ ಮಗ, ಯಾರ ಮನೆಯ ಜೀತ ಎಲ್ಲ ಗೊತ್ತಿರೋ ಕಡೆ ದಾರ ಯಾಕೆ? ಊರೇ ರಿಜಿಸ್ಟರು. ಸರ್ಕಾರ ದೊಡ್ಡದಾದ ಮೇಲೆ, ಮುಖ ಗೊತ್ತಿಲ್ಲದವರನ್ನು ಆಳಬೇಕಾದ ಮೇಲೆ, ಕಾಗದದ ರಿಜಿಸ್ಟರು ಬಂತು.

ರಾಯಚೂರು ಆಗ ನಿಜಾಮರದು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿ ಆಗಿದ್ದು 1881ರಲ್ಲಿ, ಬ್ರಿಟಿಷ್ ಇಂಡಿಯಾದ ಗಣತಿಯ ಜೊತೆಯಲ್ಲೇ. ಆ ಕಾಲದ ಗಣತಿಗಳಲ್ಲಿ ಹೆಸರು, ವಯಸ್ಸು, ಧರ್ಮ, ಜಾತಿ, ಕಸುಬಿನ ಜೊತೆ ಇನ್ನೊಂದು ಕಾಲಂ ಇತ್ತು. ಹುಚ್ಚರೇ, ಹುಟ್ಟು ಕಿವುಡ-ಮೂಗರೇ, ಎರಡೂ ಕಣ್ಣು ಪೂರ್ತಿ ಕಾಣದವರೇ, ಕುಷ್ಠರೋಗಿಗಳೇ? ತೊನ್ನು ಇದ್ದವರನ್ನು ಕುಷ್ಠಕ್ಕೆ ಸೇರಿಸಬಾರದು ಅಂತ ಎಣಿಸುವವರಿಗೆ ಸೂಚನೆ ಬೇರೆ. ಇಂಗ್ಲಿಷಿನಲ್ಲಿ ಇದಕ್ಕೆ ಕೊಟ್ಟ ಹೆಸರಿನ ಅರ್ಥ 'ದೌರ್ಬಲ್ಯಗಳು' ಅಂತ.

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಗಣತಿಯ ಸಂಪುಟಗಳಲ್ಲಿ ಜಾತಿವಾರು ಕೋಷ್ಟಕ ಇರ್ತಿತ್ತು. ಆಯ್ದ ಜಾತಿಗಳ ಹೆಸರು ಎಡಕ್ಕೆ, ಬಲಕ್ಕೆ ಹುಚ್ಚರು ಇಷ್ಟು, ಕಿವುಡ-ಮೂಗರು ಇಷ್ಟು, ಕುರುಡರು ಇಷ್ಟು, ಕುಷ್ಠರೋಗಿಗಳು ಇಷ್ಟು. ಜಾತಿ ರಕ್ತದಲ್ಲಿದೆ, ರೋಗವೂ ರಕ್ತದಲ್ಲಿದೆ, ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದರೆ ಏನೋ ಹೊಳೀತದೆ ಅನ್ನೋ ನಂಬಿಕೆ ಆ ಕಾಲದ ಸಾಹೇಬರದು. ಹೊಳೆದದ್ದೇನೂ ಇಲ್ಲ. ಮನೆಯವರು ಹೇಳ್ತಾನೇ ಇಲ್ಲ, ಮುಚ್ಚಿಡ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ಕುಷ್ಠವನ್ನ, ಹುಚ್ಚನ್ನ ಮುಚ್ಚಿಡ್ತಾರೆ ಅಂತ ಗಣತಿಯ ವರದಿಗಳೇ ಮತ್ತೆ ಮತ್ತೆ ಬರೆದುಕೊಂಡಿವೆ. ಮುಚ್ಚಿಡದೆ ಏನ್ ಮಾಡ್ತಾರ? ಎಣಿಸೋಕೆ ಬಂದವನು ಅದೇ ಊರಿನ ಪಟವಾರಿ ಕಡೆಯವನೋ, ಮಾಸ್ತರನೋ. ಅವನ ಪುಸ್ತಕಕ್ಕೆ ಬಿದ್ದದ್ದು ಸಂಜೆಗೆ ಕಟ್ಟೆಗೆ ಬೀಳ್ತದೆ. ಮದುವೆಗೆ ಬಂದ ಮಗಳಿರೋ ಮನೆಯವರು ಬಾಯಿ ಬಿಡ್ತಾರೇನು?

ಒಂದು ಸಂಗತಿ ನೋಡ್ರಿ. ಎಲ್ಲ ಜಾತಿಗಳ ಪೂರ್ಣ ಲೆಕ್ಕ ಕೊನೆಯದಾಗಿ ಸಿಕ್ಕಿದ್ದು 1931ರ ಗಣತಿಯಲ್ಲಿ, ಇದು ಎಲ್ಲರಿಗೂ ಗೊತ್ತು. ಅಂಗವೈಕಲ್ಯದ ಕಾಲಂ ಕೊನೆಯದಾಗಿ ಇದ್ದದ್ದೂ ಅದರಲ್ಲೇ. 1941ರಲ್ಲಿ ಎರಡೂ ಹೋದವು. ಆಮೇಲೆ ನಲವತ್ತು ವರ್ಷ ಅಂಗವಿಕಲರನ್ನು ಈ ದೇಶ ಗಣತಿಯಲ್ಲಿ ಎಣಿಸಲೇ ಇಲ್ಲ. 1981ರಲ್ಲಿ ಒಮ್ಮೆ ಎಣಿಸಿ 1991ರಲ್ಲಿ ಮತ್ತೆ ಬಿಟ್ಟರು.

ಇನ್ನು ಕಾಯ್ದೆಗಳು. 1898ರಲ್ಲಿ ಬ್ರಿಟಿಷರು ಕುಷ್ಠರೋಗಿಗಳ ಕಾಯ್ದೆ ತಂದರು. ಇದು ನಿಜಾಮರ ರಾಯಚೂರಿನ ಕಾಯ್ದೆ ಅಲ್ಲ. ತುಂಗಭದ್ರೆ ದಾಟಿದರೆ ಬಳ್ಳಾರಿ, ಆದೋನಿ ಕಡೆ ಬ್ರಿಟಿಷ್ ಸೀಮೆ, ಆ ಸೀಮೆಯ ಕಾಯ್ದೆ. 'ಭಿಕಾರಿ ಕುಷ್ಠರೋಗಿ' ಅಂತ ಒಂದು ವರ್ಗವನ್ನೇ ಅದು ಸೃಷ್ಟಿ ಮಾಡಿತು. ಸಾರ್ವಜನಿಕ ಜಾಗದಲ್ಲಿ ಬೇಡುವ, ಹುಣ್ಣು ಕಾಣುವಂತೆ ತೋರಿಸುವ, ಬದುಕಿಗೆ ಕಾಣುವ ದಾರಿ ಇಲ್ಲದೆ ತಿರುಗುವ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ನಮ್ಮ ಕಡೆ 'ದೊಡ್ಡರೋಗ' ಅಂತಾರಲ್ಲ, ಅದೇ ರೋಗ ಜಮೀನ್ದಾರನಿಗೆ ಬಂದರೆ ಅವನು ಮನೆಯಲ್ಲಿರಬಹುದು, ಬಡವನಿಗೆ ಬಂದರೆ ಸೆರೆ.

ಅದರ 9ನೇ ಸೆಕ್ಷನ್ ಓದಿದಾಗ ನನಗೆ ಒಂದು ಗಳಿಗೆ ಬೇರೆ ಏನನ್ನೋ ಓದ್ತಿದ್ದೀನಿ ಅನ್ನಿಸಿತು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಕುಷ್ಠರೋಗಿ ತಿನ್ನುವ, ಕುಡಿಯುವ ಪದಾರ್ಥ ತಯಾರಿಸಿ ಮಾರುವಂತಿಲ್ಲ. ಸ್ಥಳೀಯ ಸಂಸ್ಥೆ ನಿಷೇಧಿಸಿದ ಸಾರ್ವಜನಿಕ ಬಾವಿ, ಕೆರೆಯಲ್ಲಿ ಸ್ನಾನ ಮಾಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ನೀರು ತೆಗೆದುಕೊಳ್ಳುವಂತಿಲ್ಲ. ಬಾಡಿಗೆ ಬಂಡಿ ಹೊಡೆಯುವಂತಿಲ್ಲ, ಹತ್ತುವಂತಿಲ್ಲ. ಚಹಾದಂಗಡಿ, ಬಾವಿ, ಬಂಡಿ! ಇದು ಯಾವ ಪಟ್ಟಿ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕೇನ್ರಿ? 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದಾಗ ಬಾಬಾಸಾಹೇಬರು ಯಾವುದನ್ನು ಮುರಿದರೋ ಅದನ್ನು ಜಾತಿಯವರು ರೂಢಿಯಿಂದ ನಡೆಸಿಕೊಂಡು ಬಂದಿದ್ದರು. ಇಲ್ಲಿ ಅದೇ ಪಟ್ಟಿ ಸರ್ಕಾರದ ಗೆಜೆಟ್ಟಿನಲ್ಲಿ, ರೋಗದ ಹೆಸರಿನಲ್ಲಿ. ಕುಷ್ಠಕ್ಕೆ ಗುಳಿಗೆ ಬಂದು, ಅದು ವಾಸಿಯಾಗುವ ಕಾಯಿಲೆ ಅಂತ ಎಲ್ಲರಿಗೂ ಗೊತ್ತಾಗಿ ದಶಕಗಳಾದ ಮೇಲೂ ಆ ಕಾಯ್ದೆ ಕೇಂದ್ರದ ಪುಸ್ತಕದಲ್ಲಿ ಉಳಿದಿತ್ತು. ರದ್ದಾಗಿದ್ದು 2016ರಲ್ಲಿ. ಕುಷ್ಠ ಇದ್ದರೆ ವಿಚ್ಛೇದನ ಪಡೆಯಬಹುದು ಅನ್ನೋ ಮಾತು ವೈಯಕ್ತಿಕ ಕಾನೂನುಗಳಿಂದ ಹೋಗಿದ್ದು ಇನ್ನೂ ಆಮೇಲೆ, 2019ರಲ್ಲಿ.

ಮನಸ್ಸಿನ ಕಾಯಿಲೆಯ ಕಥೆ ಬೇರೆ ದಾರಿ ಹಿಡೀತದೆ. ಧಾರವಾಡದಲ್ಲಿ ಕಂಪನಿ ಸರ್ಕಾರದವರು 1845ರಲ್ಲಿ ಹುಚ್ಚಾಸ್ಪತ್ರೆ ತೆರೆದರು, ಈಗ ಅದೇ ಡಿಮ್ಹಾನ್ಸ್. 1912ರ ಹುಚ್ಚರ ಕಾಯ್ದೆ ಬಂತು. ಅಲೆಯುವ ಹುಚ್ಚರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು, ಅವರ ಆದೇಶದ ಮೇಲೆ ಒಳಗೆ ಹಾಕುವುದು. ಮುಕ್ಕಾಲು ಶತಮಾನ ಮೀರಿ ಅದೇ ನಡೆಯಿತು. 1987ರಲ್ಲಿ ಹೊಸ ಕಾಯ್ದೆ ಬರೆದರೂ ಜಾರಿಯಾಗಿದ್ದು 1993ರಲ್ಲಿ. ಅಷ್ಟರಲ್ಲಿ 'ಧಾರವಾಡ' ಅನ್ನೋ ಊರಿನ ಹೆಸರೇ ನಮ್ಮ ಭಾಗದಲ್ಲಿ ಬೈಗುಳ ಆಗಿಹೋಗಿತ್ತು. "ಇವನ್ನ ಧಾರವಾಡಕ್ಕ ಕಳಿಸ್ಬೇಕು ನೋಡು" ಅಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಧಾರವಾಡಕ್ಕೆ ಹೋಗಿ ಬಂದವನು ಗುಣವಾಗಿ ಬಂದರೂ 'ಧಾರವಾಡಕ್ಕ ಹೋಗಿ ಬಂದಂವಾ'. ಪೇಡಾ ತರಾಕ ಹೋಗಿದ್ದೆ ಅಂದ್ರೂ ನಂಬಲ್ಲ.

ಹೆಸರಿನ ವಿಚಾರ ಬಂತು ಅಂತ ಒಂದು ಮಾತು. ನಮ್ಮಲ್ಲಿ ಹುಚ್ಚಪ್ಪ, ಹುಚ್ಚಮ್ಮ, ತಿಪ್ಪಣ್ಣ, ತಿಪ್ಪಮ್ಮ ಅನ್ನೋ ಹೆಸರುಗಳಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಯಾರ ಕಣ್ಣೂ ಬೀಳದಿರಲಿ ಅಂತ ತಾಯಿ ಬೇಕಂತಲೇ ಇಟ್ಟ ಹೆಸರು. ಅದರಲ್ಲಿ ಪ್ರೀತಿ ಇದೆ. ಅದೇ ಶಬ್ದವನ್ನು ಗೌಡರ ಕಟ್ಟೆಯ ಮೇಲಿಂದ ಕೂಗಿದರೆ ಬೇರೆ. ದೊಡ್ಡವರು ಕೊಡುವ ಚಂದದ ಹೆಸರುಗಳೂ ಬೇರೆಯೇ. ನಮಗೆ 'ಹರಿಜನ' ಅಂದರು, ಈಗ ಅಂಗವಿಕಲರಿಗೆ 'ದಿವ್ಯಾಂಗ' ಅಂತಾರೆ. ಹರಿಜನ ಅನ್ನಿಸಿಕೊಂಡವರಿಗೆ ಗುಡಿ ತೆರೆಯಲಿಲ್ಲ, ದಿವ್ಯಾಂಗ ಅನ್ನಿಸಿಕೊಂಡವರಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ಇಳಿಜಾರಾಗಲಿಲ್ಲ.

ಪಟ್ಟಿ ಮಾಡುವುದರ ಕೊನೆ ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ಜರ್ಮನಿ ನೋಡಬೇಕು. ಹಳದಿ ನಕ್ಷತ್ರದ ಕಥೆ ಎಲ್ಲರೂ ಹೇಳ್ತಾರೆ. ಅದಕ್ಕೂ ಮುಂಚಿನದನ್ನು ಹೇಳುವವರು ಕಡಿಮೆ. 1933ರ ಜುಲೈ 14ರಂದು ಹಿಟ್ಲರನ ಸರ್ಕಾರ ಒಂದು ಕಾಯ್ದೆ ಮಾಡಿ, ಅನುವಂಶೀಯ ರೋಗ ಅಂತ ತಾನು ಕರೆದ ಮನೋರೋಗ, ಮೂರ್ಛೆರೋಗ, ಹುಟ್ಟು ಕುರುಡು, ಕಿವುಡು ಇದ್ದವರಿಗೆ ಬಲವಂತವಾಗಿ ಮಕ್ಕಳಾಗದಂತೆ ಮಾಡಿಸಿತು. ಸುಮಾರು 4 ಲಕ್ಷ ಮಂದಿ. 1939ರ ಆಗಸ್ಟ್ 18ರಂದು ಇನ್ನೊಂದು ಆದೇಶ: ಮೂರು ವರ್ಷದೊಳಗಿನ ಮಕ್ಕಳಲ್ಲಿ ಇಂತಿಂಥ ಅಂಗವೈಕಲ್ಯ ಕಂಡರೆ ವೈದ್ಯರು, ಸೂಲಗಿತ್ತಿಯರು ಕಡ್ಡಾಯವಾಗಿ ವರದಿ ಮಾಡಬೇಕು. ಅದೇ ವರ್ಷ ಆಸ್ಪತ್ರೆಗಳಿಗೆ, ಆಶ್ರಮಗಳಿಗೆ ಒಂದು ಪುಟದ ಫಾರಂ ಹೋಯಿತು. ರೋಗ ಏನು, ಎಷ್ಟು ವರ್ಷದಿಂದ ಇದ್ದಾರೆ, ಕೆಲಸ ಮಾಡ್ತಾರಾ, ನೋಡಲು ಯಾರಾದರೂ ಬರ್ತಾರಾ. ತುಂಬಿದವರಿಗೆ ಯಾಕೆ ಅಂತ ಹೇಳಿರಲಿಲ್ಲ. ಮೂವರು ತಜ್ಞರು ರೋಗಿಯ ಮುಖ ನೋಡದೆ ಆ ಫಾರಂ ಮೇಲೆ ಗುರುತು ಹಾಕಿದರು. ಕೆಂಪು ಕೂಡಿಸುವ ಚಿಹ್ನೆ ಅಂದರೆ ಸಾವು, ನೀಲಿ ಕಳೆಯುವ ಚಿಹ್ನೆ ಅಂದರೆ ಬದುಕು. 1940ರ ಜನವರಿಯಿಂದ 1941ರ ಆಗಸ್ಟ್‌ವರೆಗೆ ಆರು ಕೇಂದ್ರಗಳಲ್ಲಿ ಅನಿಲ ಬಿಟ್ಟು ಕೊಂದವರ ಲೆಕ್ಕ ಅವರದೇ ದಾಖಲೆಯಲ್ಲಿದೆ: 70,273.

ಇದನ್ನು ಹೇಳಿ ನಮ್ಮ ಕಾರ್ಡು ಅಲ್ಲಿಗೇ ಹೋಗ್ತದೆ ಅಂತ ಹೆದರಿಸೋದು ನನ್ನ ಕೆಲಸ ಅಲ್ಲ. ಅಂಥ ಭಾಷಣ ಸುಲಭ. ಆ ಫಾರಂನಲ್ಲಿ ಇದ್ದ ಪ್ರಶ್ನೆಗಳು ಎಷ್ಟು ಸಾಧಾರಣ ನೋಡ್ರಿ ಅಂತ ಮಾತ್ರ ಹೇಳ್ತಿದ್ದೀನಿ. ಯಾವ ಕಚೇರಿಯ ಗುಮಾಸ್ತನಾದರೂ ಕೇಳಬಹುದಾದಂಥವು.

ಹಂಗಂತ ಎಣಿಸಲೇಬಾರದೇನು? ಇಲ್ಲೇ ನಮ್ಮ ಇತಿಹಾಸ ಕೈ ಹಿಡಿಯೋದು. 1932ರಲ್ಲಿ ಲೋಥಿಯನ್ ಸಮಿತಿ ಮತದಾನದ ಹಕ್ಕಿನ ವಿಚಾರಣೆಗೆ ಬಂದಾಗ ಕೆಲವು ಪ್ರಾಂತ್ಯಗಳ ಸವರ್ಣೀಯರು 'ನಮ್ಮಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ದರೂ ಬಹಳ ಕಡಿಮೆ' ಅಂತ ಲೆಕ್ಕವನ್ನೇ ಕರಗಿಸಲು ನೋಡಿದರು. ಆ ಸಮಿತಿಯ ಸದಸ್ಯರಾಗಿದ್ದ ಬಾಬಾಸಾಹೇಬರು ಪಟ್ಟು ಹಿಡಿದು ಪ್ರತ್ಯೇಕ ಟಿಪ್ಪಣಿ ಬರೆದರು. ಲೆಕ್ಕ ಇಲ್ಲದಿದ್ದರೆ ಸೀಟಿಲ್ಲ, ಸೀಟಿಲ್ಲದಿದ್ದರೆ ಮಾತಿಲ್ಲ. ಅಂಗವಿಕಲರ ಚಳವಳಿಯೂ ಅದನ್ನೇ ಮಾಡಿತು. ಜಾವೇದ್ ಅಬಿದಿ ಮುಂತಾದವರು ದೆಹಲಿಯಲ್ಲಿ ಬೀದಿಗಿಳಿದ ಮೇಲೆ 1995ರ ಕಾಯ್ದೆ ಬಂತು. ಅವರೇ ಮತ್ತೆ ಹೋರಾಡಿದ್ದರಿಂದ 2001ರ ಗಣತಿಯಲ್ಲಿ ಕಾಲಂ ವಾಪಸ್ ಬಂತು. 2011ರಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು ಸಿಕ್ಕರು. ಒಟ್ಟು ಜನಸಂಖ್ಯೆಯಲ್ಲಿ ಅದು ಶೇ. 2.21. ಪರಿಶಿಷ್ಟ ಜಾತಿಗಳಲ್ಲಿ ಮಾತ್ರ ತೆಗೆದರೆ ಶೇ. 2.45. ನಮಗೇನ್ ಸಂಬಂಧ ಅಂತ ಕೇಳಿದ ಸಂಗಾತಿ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಲಿ. ಮ್ಯಾನ್‌ಹೋಲ್, ಕಲ್ಲು ಕ್ವಾರಿ, ಗುಳೆ, ಹಸಿದ ಬಸುರಿ, ದೂರದ ಆಸ್ಪತ್ರೆ ಎಲ್ಲ ಆ ವ್ಯತ್ಯಾಸದೊಳಗೆ ಅದಾವ.

ಅದೇ ಗಣತಿಯಲ್ಲಿ ಮನೋರೋಗ ಇದೆ ಅಂತ ಬರೆಸಿಕೊಂಡವರು ಇಡೀ ದೇಶದಲ್ಲಿ 7.22 ಲಕ್ಷ. ಐದು ವರ್ಷ ಬಿಟ್ಟು ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಇದ್ದವರೆಲ್ಲ ಅಂಗವಿಕಲರ ಲೆಕ್ಕಕ್ಕೆ ಬರಲ್ಲ, ಒಪ್ಪೋಣ. ಆದರೂ ಅಂತರ ನೋಡ್ರಿ. ಬಾಗಿಲಿಗೆ ಬಂದವನ ಮುಂದೆ ಬಾಯಿ ಬಿಡಬಾರದು ಅಂತ 1881ರಲ್ಲಿ ಕಲಿತದ್ದನ್ನ ಮಂದಿ ಮರೆತಿಲ್ಲ.

ಈಗ ಕಾರ್ಡಿಗೆ ಬರ್ತೀನಿ. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕು ಅಂತ ಕೇಂದ್ರ ಕಡ್ಡಾಯ ಮಾಡಿದೆ. ಕಾರ್ಡಿನ ಮುಖದ ಮೇಲೆ ಹೆಸರು, ಫೋಟೋ, ನಂಬರಿನ ಜೊತೆ ಯಾವ ಅಂಗವೈಕಲ್ಯ, ಎಷ್ಟು ಪರ್ಸೆಂಟ್ ಅಂತ ಅಚ್ಚಾಗಿರ್ತದೆ. ಬಣ್ಣದ ಪಟ್ಟೆ ಬೇರೆ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. 2024ರ ಅಕ್ಟೋಬರ್‌ನಲ್ಲಿ ತಿದ್ದಿದ ನಿಯಮಗಳಲ್ಲಿ ಈ ಬಣ್ಣಗಳನ್ನ ಬರೆದೇ ಇಟ್ಟಿದ್ದಾರೆ. ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಾನಸಿಕ ಕಾಯಿಲೆ ಅದರಲ್ಲೊಂದು. ಮಾನಸಿಕ ಕಾಯಿಲೆಗೆ ಪರ್ಸೆಂಟ್ ಹೆಂಗ್ ತೆಗೀತಾರ ಅಂದ್ರ, ತನ್ನ ಮೈ ತಾನು ನೋಡಿಕೊಳ್ಳೋದು, ನಾಲ್ಕು ಮಂದಿ ಜೊತೆ ಹೊಂದಿಕೊಳ್ಳೋದು, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದಿಂದ ಅಂತ ಸೇರಿಸಿ ತೆಗೀತಾರ. ಕೈ ಕಾಲು ಇಲ್ಲದಿರೋದು ಕಾರ್ಡ್ ಇಲ್ಲದೆಯೂ ಕಾಣ್ತದೆ. ಮನಸ್ಸಿನದು ಕಾರ್ಡಿನಿಂದಲೇ ಕಾಣೋದು, ದಾರದ ಹಾಗೆ.

ನನ್ನ ದೊಡ್ಡಪ್ಪನ ಮಗಳೊಬ್ಬಳಿದ್ದಾಳೆ, ನನಗಿಂತ ದೊಡ್ಡಾಕಿ. ಎರಡನೇ ಹೆರಿಗೆ ಆದ ಮೇಲೆ ಅವಳಿಗೆ ಮನಸ್ಸಿನ ತೊಂದರೆ ಶುರುವಾಯ್ತು. ದೇವರು, ದಿಂಡರು, ದರ್ಗಾ ಎಲ್ಲ ಆಗಿ ಕೊನೆಗೆ ಗುಳಿಗೆ ಹಿಡಿದಳು, ಗುಳಿಗೆ ಕೆಲಸ ಮಾಡಿತು. ಹತ್ತಿ ಬಿಡಿಸೋಕೆ ಹೋಗ್ತಾಳೆ, ಮನೆ ನೋಡ್ತಾಳೆ. ಕೆಲವು ತಿಂಗಳು ಏನೂ ಆಗಲ್ಲ, ಮಲಗೇ ಇರ್ತಾಳೆ. ಪಿಂಚಣಿ ಸಿಕ್ಕರೆ ಆ ತಿಂಗಳುಗಳಿಗೆ ಆಸರೆ ಅಂತ ಕಾಗದ ಪತ್ರ ನಾನೇ ಓಡಾಡಿ ಮಾಡಿಸಿದೆ.

ಕಾರ್ಡ್ ಹಂಚೋಕೆ ಒಂದು ಕ್ಯಾಂಪ್ ಇಟ್ಟಿದ್ದರು. ಯಾವ ಊರು, ಯಾವ ಕಚೇರಿ ಅಂತ ಬರೆಯಲ್ಲ, ಅವಳಿಗಾಗಿ. ಶಾಮಿಯಾನ, ಮೈಕು, ವೇದಿಕೆ ಮೇಲೆ ಹಾರ ತುರಾಯಿ. ಒಬ್ಬೊಬ್ಬರದೇ ಹೆಸರು ಕೂಗೋದು: ಹೆಸರು, ಊರು, ಗಂಡನ ಹೆಸರು, ಅಂಗವೈಕಲ್ಯ, ಪರ್ಸೆಂಟ್. ಅಕ್ಕನ ಸರದಿ ಬಂದಾಗ ಮೈಕಿನಲ್ಲಿ, "ಮಾನಸಿಕ ಅಸ್ವಸ್ಥೆ, ಐವತ್ತು ಪರ್ಸೆಂಟ್, ಮುಂದ ಬರ್ರಿ." ಎದ್ದಳು, ಹೋದಳು, ಫೋಟೋಕ್ಕೆ ನಿಂತಳು. ಕೂಗಿದವನು ಕೆಟ್ಟವನಲ್ಲ. ಅವನ ಕೈಲಿದ್ದ ಹಾಳೆಯಲ್ಲಿ ಆ ಕಾಲಂ ಇತ್ತು, ಓದಿದ.

ಆಮೇಲಿನದು ನಮ್ಮ ಕೇರಿಯ ಕೆಲಸ. ಗೌಡರದಲ್ಲ, ನಮ್ಮದು. ವಾರದೊಳಗೆ ಅವಳ ಹೆಸರು ಹೋಗಿ 'ಐವತ್ತು ಪರ್ಸೆಂಟ್' ಆಯ್ತು. ಹತ್ತಿ ಬಿಡಿಸೋ ತಂಡದ ಮುಂದಾಳು ಅವಳನ್ನ ಕರೆಯೋದು ಬಿಟ್ಟಳು. ಬಾಣಂತಿ ಇರೋ ಮನೆಯವರು ಕೂಸನ್ನ ಅವಳ ಕೈಗೆ ಕೊಡಲ್ಲ. ಶಾಲೆಯಲ್ಲಿ ಅವಳ ಮಗನನ್ನ 'ಐವತ್ತರ ಮಗ' ಅಂತಾರಂತೆ. ಬಹಳ ವರ್ಷ ಕಾಯಿಲೆ ಇದ್ದದ್ದು ಮಂದಿಗೆ ಗೊತ್ತಿರಲಿಲ್ಲ ಅಂತಲ್ಲ. ಅರ್ಧಂಬರ್ಧ ಗೊತ್ತಿತ್ತು. ಅರ್ಧಂಬರ್ಧ ಗೊತ್ತಿರೋದರಲ್ಲಿ ಮನುಷ್ಯರು ಬದುಕೋಕೆ ಒಂದು ಜಾಗ ಇರ್ತದೆ. ಮೈಕು ಆ ಜಾಗ ಮುಚ್ಚಿತು.

ಅವಳು ನನ್ನ ಕೇಳಿದ್ದು: "ತಮ್ಮಾ, ಜಾತಿ ಹಿಡಿದು ಬೈದ್ರ ನೀವೆಲ್ಲಾ ಠಾಣೇಕ ಬರ್ತೀರಿ. ಇದಕ್ಕ ಯಾರು ಬರ್ತೀರಪಾ?"

92ನೇ ಸೆಕ್ಷನ್ ಹುಡುಕಿದ್ದು ಅದಕ್ಕೇ. ಸಿಕ್ಕಿತು, ಆದರೆ ಹಿಡಿಯಲಿಲ್ಲ. ಅದರಲ್ಲೂ 'ಉದ್ದೇಶಪೂರ್ವಕ' ಅನ್ನೋ ಶಬ್ದ ಇದೆ. ಮೈಕಿನವನಿಗೆ ಉದ್ದೇಶ ಎಲ್ಲಿಂದ ತರೋದು? ದೌರ್ಜನ್ಯ ಕಾಯ್ದೆಯ ಕೇಸುಗಳಲ್ಲಿ ನಮಗೆ ಇದೆಲ್ಲ ಹಳೇ ಗುರುತು. 2020ರ ಹಿತೇಶ್ ವರ್ಮಾ ತೀರ್ಪಿನಲ್ಲಿ, ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಸಾರ್ವಜನಿಕರ ಕಣ್ಣಿಗೆ ಬಿದ್ದಂತಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಕಣ್ಣಿರಲಿಲ್ಲ ಅಂತ ಬಿತ್ತು. ಇಲ್ಲಿ ಕಣ್ಣು ಸಾವಿರ ಇದ್ದವು, ಉದ್ದೇಶ ಇಲ್ಲ ಅಂತ ಬೀಳ್ತದೆ.

ಬೇರೆ ಕಡೆ ಬಲ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, ಮರುವರ್ಷ ಜಾರಿಗೆ ಬಂತು. ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತಿದ್ದು ನೆನಪಿರಬೇಕು. ಸರಪಳಿ ಹಾಕುವುದನ್ನು ಈ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಅದರ 23ನೇ ಸೆಕ್ಷನ್ ಮನೋರೋಗ ಇರುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ, 24ನೆಯದು ಅವರ ಫೋಟೋ, ಮಾಹಿತಿಯನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ ಅಂತದೆ. ಆದರೆ ಆ ಸೆಕ್ಷನ್‌ಗಳು ಕಟ್ಟಿಹಾಕುವುದು ಹೆಚ್ಚಾಗಿ ಡಾಕ್ಟರನ್ನ, ಆಸ್ಪತ್ರೆಯನ್ನ. ಡಾಕ್ಟರ್ ಬಾಯಿ ಮುಚ್ಚಿಕೊಂಡ ಗುಟ್ಟು ಕಾರ್ಡಿನ ಮುಖದ ಮೇಲೆ ಅಚ್ಚಾಗಿ ಬಂದು, ಮೈಕಿಗೆ ಸಿಗ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದಾರೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಸವಲತ್ತು ಕೊಡ್ತೀವಿ, ಅದಕ್ಕೆ ಗುರುತು ಹಾಕ್ತೀವಿ ಅನ್ನೋದು ಅಂಗವಿಕಲರಿಗಷ್ಟೇ ಆಗಿಲ್ಲ. ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ 2017ರಲ್ಲಿ ಪಡಿತರ ತಗೊಳ್ಳುವವರ ಮನೆ ಗೋಡೆಯ ಮೇಲೆ 'ನಾನು ಬಡವ, ರೇಷನ್ ತಗೋತೀನಿ' ಅನ್ನೋ ಅರ್ಥದ ಬರಹ ಬರೆಸಿದರು. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಕ್ವಾರಂಟೈನ್ ಆದವರ ಕೈಗೆ ಸೀಲು ಒತ್ತಿದರು, ಮನೆ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿದರು. ಗುಳೆಯಿಂದ ವಾಪಸ್ ಬಂದ ನಮ್ಮ ಮಂದಿಯನ್ನ ಊರವರು ಹೆಂಗ್ ನೋಡಿದರು ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ಸೋಂಕಿತರ ಮನೆ ಮುಂದೆ ಪೋಸ್ಟರ್ ಅಂಟಿಸುವುದನ್ನು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶ ಇಲ್ಲದಿದ್ದರೆ ಮಾಡಬಾರದು ಅಂತ ಅದೇ ವರ್ಷ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯ್ತು.

"ನೀವು ಜಾತಿ ಪ್ರಮಾಣಪತ್ರ ತಗೋತೀರಲ್ಲ, ಅದರಲ್ಲಿ ಜಾತಿ ಇರಲ್ವಾ" ಅಂತ ಕೇಳೋರು ಇದ್ದಾರೆ. ಇರ್ತದೆ. ತಹಶೀಲ್ದಾರರು ಕೊಡ್ತಾರೆ, ಅರ್ಜಿಗೆ ಲಗತ್ತಿಸ್ತೀವಿ, ಅದು ಫೈಲಿನಲ್ಲಿ ಕೂರ್ತದೆ. ಬಸ್ಸಿನಲ್ಲಿ ಕಂಡಕ್ಟರಿಗೆ ತೋರಿಸಲ್ಲ, ಬಣ್ಣ ಇರಲ್ಲ, ಪರ್ಸೆಂಟ್ ಇರಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹೆಸರಿನ ಮುಂದೆ 'ಎಸ್‌ಸಿ' ಅಂತ ಹಾಕಿದಾಗ ಏನಾಗ್ತದೆ ಅಂತ ನಮ್ಮ ಹುಡುಗರನ್ನ ಕೇಳ್ರಿ. ಹಕ್ಕು ಕೇಳೋಕೆ ನಾನು ತೆಗೆದು ತೋರಿಸೋ ಕಾಗದ ಒಂದು, ನನ್ನ ಕೇಳದೆ ಗೋಡೆಗೆ ಹಚ್ಚೋ ಕಾಗದ ಇನ್ನೊಂದು.

ಗುರುತು ಹಾಕದೆ ಕೊಡೋದು ಆಗದ ಮಾತೇನಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕ ಆಧಾರ್ ತೋರಿಸಿ ಬಸ್ ಹತ್ತುತಾಳೆ. ಬಸ್ಸಿನಲ್ಲಿರೋ ಎಲ್ಲ ಹೆಣ್ಣುಮಕ್ಕಳೂ ಅದನ್ನೇ ತೋರಿಸ್ತಾರೆ. ಅವಳ ಕಾಯಿಲೆ ಅವಳ ಹತ್ತಿರವೇ ಇರ್ತದೆ. ಅದೇ ಕಾಯಿಲೆ ಇರೋ ಗಂಡಸು ರಿಯಾಯಿತಿ ಪಾಸ್ ಹಿಡಿದು ಹೋದರೆ ಪಕ್ಕದ ಸೀಟಿನವನೂ ಬಗ್ಗಿ ನೋಡ್ತಾನೆ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ, ಬಳ್ಳಾರಿ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಚಿಕಿತ್ಸೆಯನ್ನು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದರು. ಅಲ್ಲಿನ ಸಾಮಾನ್ಯ ಡಾಕ್ಟರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರು, ಗುಳಿಗೆ ಅಲ್ಲೇ ಸಿಗುವ ಹಾಗೆ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಜ್ಞರು ಅದರ ಖರ್ಚು, ಸಿಬ್ಬಂದಿ, ಔಷಧಿ ಲೆಕ್ಕದ ಬಗ್ಗೆ ಬಹಳ ಬರೆದಿದ್ದಾರೆ. ನನಗೆ ಅದರಲ್ಲಿ ಮುಖ್ಯ ಅನ್ನಿಸೋದು ಸರತಿ ಸಾಲು. ಜ್ವರದವರು, ಕೆಮ್ಮಿನವರು, ಕೂಸಿಗೆ ಚುಚ್ಚುಮದ್ದು ಹಾಕಿಸೋರು ನಿಂತ ಸಾಲಿನಲ್ಲೇ ಮನಸ್ಸಿನ ಕಾಯಿಲೆಯವರೂ ನಿಂತರು. ಧಾರವಾಡಕ್ಕೆ ಹೋಗಿ ಬಂದಂವಾ ಅನ್ನಿಸಿಕೊಳ್ಳದೆ ಗುಳಿಗೆ ಸಿಕ್ಕಿತು.

2027ರ ಗಣತಿಯಲ್ಲಿ ಜಾತಿ ವಾಪಸ್ ಬರ್ತಿದೆ. ಬರಲಿ, ಎಣಿಸಲಿ, ನಾವೇ ಕೇಳಿದ್ದು. ಅಂಗವೈಕಲ್ಯವನ್ನೂ ಸರಿಯಾಗಿ ಎಣಿಸಲಿ. ಆದರೆ ಎಣಿಸಿದ್ದು ಬಾಗಿಲಿನ ಹೊರಗೆ ಅಂಟಬಾರದು.

ನಾವು ಏಳು ಮಂದಿ ಕೂತು ಒಂದು ಮನವಿ ಬರೆದಿದ್ದೀವಿ, ಅದರಲ್ಲಿ ಇಬ್ಬರು ಕಾರ್ಡ್ ಇರುವವರು. ಕ್ಯಾಂಪಿನಲ್ಲಿ ಟೋಕನ್ ನಂಬರ್ ಕೂಗಬೇಕು, ಅಂಗವೈಕಲ್ಯ, ಪರ್ಸೆಂಟ್ ಕೂಗಬಾರದು. ಪಂಚಾಯ್ತಿ ಗೋಡೆಗೆ ಫಲಾನುಭವಿಗಳ ಪಟ್ಟಿ ಹಚ್ಚುವಾಗ ಕಾಯಿಲೆಯ ಕಾಲಂ ತೆಗೆಯಬೇಕು. ಪಂಚಾಯ್ತಿಯ ಶೇ. 5ರ ಅನುದಾನದ ಲೆಕ್ಕ ಗೋಡೆ ಮೇಲೆ ಬರಲಿ, ಅಂಗವಿಕಲರು ಬೇಡ. ಒಪ್ಪಿಗೆ ಕೇಳದೆ ಫೋಟೋ ತೆಗೆದು ಹಾಕಬಾರದು. ಕಾರ್ಡಿನ ಮುಖದ ಮೇಲೆ ಫೋಟೋ, ನಂಬರ್ ಸಾಕು, ಉಳಿದದ್ದು ಸ್ಕ್ಯಾನ್ ಮಾಡುವ ಅಧಿಕಾರ ಇರುವವರಿಗೆ ಮಾತ್ರ ಕಾಣಲಿ ಅಂತ ಕೇಂದ್ರಕ್ಕೆ ಬೇರೆ ಪತ್ರ. ಮೊದಲ ಮೂರಕ್ಕೆ ಕಾಯ್ದೆ ತಿದ್ದಬೇಕಿಲ್ಲ, ಒಂದು ಸುತ್ತೋಲೆ ಸಾಕು.

ನಾಲ್ಕನೆಯ ಮಾತು ಮನವಿಯಲ್ಲಿಲ್ಲ, ಅದು ಕೇರಿಯ ಮಾತು. ಮುಂದಿನ ಹುಣ್ಣಿಮೆಯ ದಿನ ಸಂಘದ ಸಭೆಯಲ್ಲಿ ಮಾತಾಡೋಣ ಅಂತ ಹಿರಿಯರು ಒಪ್ಪಿದ್ದಾರೆ. ಅಕ್ಕ ಬರ್ತಾಳೋ ಇಲ್ಲೋ ಗೊತ್ತಿಲ್ಲ. ಕರೆದಿಲ್ಲ, ಬಾ ಅಂತ ಒತ್ತಾಯ ಮಾಡಲ್ಲ. ಈ ಪೋಸ್ಟನ್ನ ಹಾಕೋಕೆ ಮುಂಚೆ ಅವಳಿಗೆ ಓದಿ ಹೇಳಿದೆ. ಎರಡು ಕಡೆ ತೆಗಿ ಅಂದಳು, ತೆಗೆದೆ.

ಮನವಿಯ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬರ್ರಿ, ನಿಮ್ಮ ಪಂಚಾಯ್ತಿಯ ಹೆಸರು ಹಾಕಿಕೊಂಡು ಕೊಡಬಹುದು.

ಜೈಭೀಮ್.